ಸ್ವಾವಲಂಬಿ ಮಗಳ ಫೀಸಿನ ಫಾರ್ಮು

ಸಿಟ್ಟು ಬಂದಾಗ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಸಮಾಧಾನದಲ್ಲಿದ್ದರೆ ಲಂಡನ್ನಿನ ನಮ್ಮ ಎಜ್‌ವೇರ್ ಬಸ್ ಸ್ಟಾಪಿನ ಅಜ್ಜಿಯರ ಜೊತೆ ಹವಾಮಾನದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆದರೆ ಯಾರ ಮೇಲಾದರೂ ರೇಗಬೇಕಾದ ದಿನ ನಾಲಿಗೆಗೆ ಬರುವುದೆಲ್ಲ ಧಾರವಾಡದ ಕನ್ನಡ. ಹೀಗಾಗಿ ಈ ದೇಶದ ಅಧಿಕಾರಿಗಳು ನನ್ನ ಬೈಗುಳಗಳಿಂದ ಬಹಳಷ್ಟು ಸಲ ಪಾರಾಗಿದ್ದಾರೆ. ಮಗಳು ಅನಘಾಳ ಕಾಲೇಜು ಫೀಸಿನ ಫಾರ್ಮು ಬಂದ ವರ್ಷ ಮಾತ್ರ ಸಿಟ್ಟು ಎಷ್ಟಿತ್ತೆಂದರೆ, ಇಂಗ್ಲಿಷೇ ಹೆದರಿ ಬಾಯಿಗೆ ಬಂತು.

ಆಗ ಇಲ್ಲಿ ಕಾಲೇಜಿನ ಫೀಸನ್ನು ತಂದೆತಾಯಿಯ ಆದಾಯ ನೋಡಿ ನಿಗದಿ ಮಾಡುತ್ತಿದ್ದರು. ಕಡಿಮೆ ಇದ್ದವರದನ್ನು ಸರಕಾರ ಕಟ್ಟುವುದು, ಹೆಚ್ಚಿದ್ದವರು ತಾವೇ ಕಟ್ಟುವುದು. ನ್ಯಾಯವಾದ ಮಾತೇ. ಆದರೆ ನಾವು ಯಾವ ಸಾಲಿನವರು ಎಂದು ತಿಳಿಯಲು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ಒಂದು ಫಾರ್ಮು ಕಳಿಸಿತು. ಫಾರ್ಮು ಅರ್ಥವಾಗಲಿ ಎಂದು ಅದಕ್ಕಿಂತ ದಪ್ಪನೆಯ ಪುಸ್ತಿಕೆ. ಪುಸ್ತಿಕೆ ಅರ್ಥವಾಗದಿದ್ದರೆ ಇನ್ನೊಂದು ಪುಸ್ತಿಕೆ ತರಿಸಿಕೊಳ್ಳಿ ಎಂದು ಅದರ ಕೊನೆಯಲ್ಲಿ ಸೂಚನೆ.

ನನ್ನ ಗಂಡ ಹೃದಯದ ಡಾಕ್ಟರು. ಜನರ ರಕ್ತನಾಳದೊಳಗೆ ಸಲೀಸಾಗಿ ನಳಿಗೆ ತೂರಿಸುವ ಧೈರ್ಯಶಾಲಿ. ಫಾರ್ಮಿನ ಮೊದಲ ಪುಟ ನೋಡಿದವರೇ ಕನ್ನಡಕ ತೆಗೆದರು. "ನೀ ಬಿ.ಕಾಂ. ಮಾಡೀದಿ. ಇದು ನಿನ್ನ ಸಬ್ಜೆಕ್ಟು" ಎಂದರು. ನಾನು ಬಿ.ಕಾಂ. ಮಾಡಿದ್ದು ಹೌದು. ಆಮೇಲೆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಕೆಲಸ ಮಾಡುತ್ತ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಮರೆತದ್ದೂ ಹೌದು.

ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಇಷ್ಟ್ಯಾಕ ತಲಿ ಕೆಡಿಸ್ಕೋತಿ ಅಕ್ಕಾ? ಫೀಸಿನ ರಸೀದಿ ತೋರಿಸು, ಟ್ಯಾಕ್ಸ್ ಕಡಿಮಿ ಮಾಡ್ತಾರ. ನಮ್ಮಲ್ಲೆ ಹಂಗಽ ಅದ" ಎಂದ. ನನಗೂ ಆಸೆಯಾಯಿತು. ಮರುದಿನ ಟ್ಯಾಕ್ಸ್ ಆಫೀಸಿಗೆ ಫೋನ್ ಮಾಡಿ, ಬಹಳ ಹೊತ್ತು ಪಿಟೀಲು ಸಂಗೀತ ಕೇಳಿದ ಮೇಲೆ ಸಿಕ್ಕ ಹುಡುಗ ಅಂಥ ರಿಯಾಯಿತಿ ಇಲ್ಲಿಲ್ಲ ಎಂದು ತುಂಬ ವಿನಯದಿಂದ ಹೇಳಿದ. ಆ ವಿನಯಕ್ಕೇ ಇನ್ನಷ್ಟು ಸಿಟ್ಟು ಬಂತು.

ಸರಿ, ನಾನೇ ಕೂತೆ. ಇಬ್ಬರ ಸಂಬಳದ ಪತ್ರಗಳು ಬೇಕಿದ್ದವು. ಗಂಡನದು ಕೊನೆಗೂ ಕಾರಿನಲ್ಲಿ ಸಿಕ್ಕಿತು. ಅದರ ಮೇಲೆ ಅವರು ಕಾಫಿ ಲೋಟ ಇಡುತ್ತಿದ್ದರು. 'ಮನೆಯಲ್ಲಿ ನಿಮ್ಮನ್ನು ಅವಲಂಬಿಸಿದ ಬೇರೆ ಯಾರಿದ್ದಾರೆ?' ಎಂಬ ಪ್ರಶ್ನೆಗೆ, ಸಂಬಳದ ಮಾತು ಬಿಡಿ, ಬೆಳಗಿನ ಕಾಲುಚೀಲ ಹುಡುಕಿಸಿಕೊಳ್ಳುವ ಮಟ್ಟಿಗೆ ಅವರ ಹೆಸರನ್ನೇ ಬರೆಯೋಣ ಎನ್ನಿಸಿತು. ಎರಡು ಶನಿವಾರ, ಎರಡು ಭಾನುವಾರ ಇದೇ ಧ್ಯಾನದಲ್ಲಿ ಕಳೆದು, ವಿದ್ಯಾರ್ಥಿ ತುಂಬಬೇಕಾದ ಪುಟವನ್ನು ಅನಘಾಳ ಕೈಗೆ ಕೊಟ್ಟೆ. ಅವಳು ಎರಡು ನಿಮಿಷದಲ್ಲಿ ತುಂಬಿ, ಲಕೋಟೆಗೆ ಅಂಟು ಹಚ್ಚಿ, ಪೋಸ್ಟ್ ಮಾಡಿ ಬಂದಳು. ನಮ್ಮ ಮಗಳು ಎಷ್ಟು ಚುರುಕು ಎಂದು ಹಿಗ್ಗಿದೆ.

ಕೆಲವು ವಾರಗಳ ನಂತರ ಕೌನ್ಸಿಲಿನಿಂದ ಅನಘಾಳ ಹೆಸರಿಗೆ ಪತ್ರ ಬಂತು. 'ನೀವು ತಂದೆತಾಯಿಯನ್ನು ಅವಲಂಬಿಸಿಲ್ಲ ಎಂದು ತಿಳಿಸಿದ್ದೀರಿ. ಮೂರು ವರ್ಷ ಸ್ವಂತ ದುಡಿಮೆಯಲ್ಲಿ ಬದುಕಿದ್ದಕ್ಕೆ, ಇಲ್ಲವೇ ಹೆತ್ತವರೊಡನೆ ಸಂಬಂಧ ಕಡಿದುಹೋದದ್ದಕ್ಕೆ ಪುರಾವೆ ಕಳಿಸಿ.'

"ಏನ ಇದು?" ಎಂದು ಕೂಗಿದೆ.

"ಮಮ್, ಐ ಆಮ್ ಇಂಡಿಪೆಂಡೆಂಟ್" ಎಂದಳು ಅನಘಾ. "ಐ ಹ್ಯಾವ್ ಎ ಜಾಬ್."

ಜಾಬ್ ಎಂದರೆ ಶನಿವಾರಗಳಂದು ಚಪ್ಪಲಿ ಅಂಗಡಿಯಲ್ಲಿ ಜನರ ಪಾದ ಅಳೆಯುವುದು. ಆ ದುಡ್ಡೆಲ್ಲ ಅದೇ ಅಂಗಡಿಯಲ್ಲಿ ಬೂಟುಗಳಾಗುತ್ತಿತ್ತು.

"ಸಂಬಂಧ ಕಡದದ ಅಂತ ಬರದೀಯೇನ?" ಪತ್ರವನ್ನು ಅವಳ ಮೂಗಿನ ಮುಂದೆ ಹಿಡಿದೆ.

"ನೋ! ಐ ಜಸ್ಟ್ ಟಿಕ್ಡ್ ಇಂಡಿಪೆಂಡೆಂಟ್!"

ಗಂಡ ಪೇಪರಿನ ಹಿಂದಿನಿಂದಲೇ, "ಲಗ್ನ ಆದವರೂ ಇಂಡಿಪೆಂಡೆಂಟ್ ಅಂತ ಬರದಾರ ನೋಡ್ ಆ ಪುಸ್ತಿಕಾದಾಗ" ಎಂದರು. ಅಮ್ಮ ಮಗಳು ಇಬ್ಬರೂ ಒಟ್ಟಿಗೆ ಅವರತ್ತ ತಿರುಗಿ ನೋಡಿದೆವು. ಪೇಪರು ಇನ್ನಷ್ಟು ಮೇಲೆ ಹೋಯಿತು.

ಕಾಲೇಜು ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ರಜೆ ಹಾಕಿ ಅವಳನ್ನು ಕೌನ್ಸಿಲ್ ಆಫೀಸಿಗೆ ಎಳೆದುಕೊಂಡು ಹೋದೆ. ಅಲ್ಲಿದ್ದ ಮಹಿಳೆ ಸೌಮ್ಯವಾಗಿ, ಮಗಳು ನಿಮ್ಮಿಂದ ದೂರವಾಗಿದ್ದಾಳೆಯೇ ಎಂದು ಕೇಳಿದಳು.

"ಬೆಳಿಗ್ಗೆ ನಾನು ಹುಯ್ದ ಮೂರು ದೋಸೆ ತಿಂದಿದ್ದಾಳೆ. ನಾಲ್ಕನೆಯದು ಸುಟ್ಟಿದೆ ಎಂದು ಗೊಣಗಿದಳು. ನಿಮ್ಮ ಪುಸ್ತಿಕೆಯಲ್ಲಿ ಇದಕ್ಕೆ ಏನನ್ನುತ್ತಾರೆ?" ಎಂದೆ. ಒಂದೂ ತಪ್ಪಿಲ್ಲದ ಇಂಗ್ಲಿಷ್!

ಆಕೆ ನಗಲಿಲ್ಲ. ಇಂಥ ಪ್ರಕರಣದಲ್ಲಿ ವಿದ್ಯಾರ್ಥಿಯ ಜೊತೆ ಒಂಟಿಯಾಗಿ ಮಾತಾಡಬೇಕೆಂಬ ನಿಯಮವಿದೆ, ದಯವಿಟ್ಟು ಹೊರಗೆ ಕೂರುವಿರಾ ಎಂದಳು. ಹೆತ್ತ ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು! ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕುದಿಯುತ್ತ, ಅವಳು ಒಳಗೆ ಏನೇನು ಹೇಳುತ್ತಿರಬಹುದೆಂದು ಯೋಚಿಸಿದೆ. ಗಣಿತದಲ್ಲಿ ಅಂಕ ಕಡಿಮೆ ಬಂದಾಗ ಟಿ.ವಿ. ಪ್ಲಗ್ ಬಚ್ಚಿಟ್ಟದ್ದು. ಅವಳ ಗೆಳತಿಯರೆದುರು ತಲೆಗೆ ಎಣ್ಣೆ ಹಚ್ಚಿದ್ದು. ಯೋಚಿಸಿದಷ್ಟೂ ಆ ಅಧಿಕಾರಿ ನನ್ನ ವಿರುದ್ಧ ತೀರ್ಪು ಕೊಡುವುದೇ ಖಚಿತ ಎನ್ನಿಸಿತು. ಸಿಟ್ಟು ಯಾವಾಗ ಭಯವಾಯಿತೋ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಇಬ್ಬರೂ ನಗುತ್ತಿದ್ದರು. ಟಿಕ್ ಸರಿಮಾಡಲಾಗಿತ್ತು. ಅನಘಾ ಅಧಿಕೃತವಾಗಿ ನಮ್ಮನ್ನೇ ಅವಲಂಬಿಸಿದ್ದಳು. ಆ ಮಹಿಳೆ ನಮ್ಮ ಸಂಬಳದ ಪತ್ರಗಳ ಮೇಲೆ ಕಣ್ಣಾಡಿಸಿ, "ನೀವು ಹೇಗೂ ಪೂರ್ತಿ ಫೀಸು ಕಟ್ಟುವವರೇ. ಆದಾಯದ ಲೆಕ್ಕ ಬೇಡ ಎಂದು ಮೊದಲ ಪುಟದಲ್ಲಿ ಒಂದು ಟಿಕ್ ಹಾಕಿದ್ದರೆ ಉಳಿದದ್ದೇನೂ ತುಂಬಬೇಕಿರಲಿಲ್ಲ" ಎಂದಳು. ಇಲ್ಲಿ ಇಂಗ್ಲಿಷ್ ನನ್ನನ್ನು ಬಿಟ್ಟುಹೋಯಿತು. ನಾನು ಕನ್ನಡದಲ್ಲಿ ಅಂದದ್ದನ್ನು ಅನಘಾ ಆಕೆಗೆ ಅನುವಾದಿಸಿದಳು: "ಶಿ ಸೇಸ್ ಥ್ಯಾಂಕ್ ಯು."

ಒಳಗೆ ಏನು ಹೇಳಿದೆ ಎಂದು ಮನೆಗೆ ಮರಳುವಾಗ ಟ್ಯೂಬ್ ರೈಲಿನಲ್ಲಿ ಎಷ್ಟು ಕೇಳಿದರೂ ಅನಘಾ ಬಾಯಿ ಬಿಡಲಿಲ್ಲ. ಇಳಿಯುವಾಗ ಮಾತ್ರ ನನ್ನ ಚೀಲ ತಾನೇ ಎತ್ತಿಕೊಂಡು, ಅಪರೂಪಕ್ಕೆ ಕನ್ನಡದಲ್ಲಿ "ಹಸಿವಿ ಆಗೇದ ಅಮ್ಮಾ" ಎಂದಳು.

ಈ ಫಾರ್ಮು ವರ್ಷವರ್ಷವೂ ತುಂಬಬೇಕು. ಮರುವರ್ಷ ಬೇಸಿಗೆಗೆ ಮುಂಚೆಯೇ ನಾನು ಸಜ್ಜಾಗಿದ್ದೆ. ಪುಸ್ತಿಕೆ ಈಗ ಅರ್ಧ ಬಾಯಿಪಾಠ. ಆದರೆ ಬಂದದ್ದು ಅವಳೇ ಹಾಸ್ಟೆಲಿನಿಂದ ತುಂಬಿ ಕಳಿಸಿದ ಫಾರ್ಮು. ನಾವು ಸಹಿ ಹಾಕಬೇಕಾದ ಜಾಗಕ್ಕೆ ಹಳದಿ ಚೀಟಿ. ಒಂದು ಮಾತು ಕೇಳಬಾರದೇ? ಸಹಿಸಲಾಗದೆ ತಪ್ಪು ಹುಡುಕಿ ಫೋನ್ ಮಾಡಿದೆ.

"ಪ್ರಭಾಕರ ಅನ್ನೋದ್ರಾಗ ಒಂದು ಎಚ್ ಬಿಟ್ಟೀಯಲ್ಲ, ಅಪ್ಪನ ಹೆಸರು ಬರೀಲಿಕ್ಕೂ ಬರೂದಿಲ್ಲೇನ?"

"ಮಮ್, ಚೆಕ್ ಹಿಸ್ ಪಾಸ್‌ಪೋರ್ಟ್."

ಫೋನ್ ಇಟ್ಟು ಬೀರು ತೆಗೆದು ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನ ಹೆಸರಿನಲ್ಲಿ ನಿಜಕ್ಕೂ ಆ ಎಚ್ ಇರಲಿಲ್ಲ. ಹಳದಿ ಚೀಟಿ ತೋರಿಸಿದ ಜಾಗದಲ್ಲಿ ಸುಮ್ಮನೆ ಸಹಿ ಹಾಕಿದೆ.