ನಮ್ಮ ದವಾಖಾನಿಯ ಉಪವಾಸದ ಏಡಿಗಳು

ನಗೋ ಪ್ರಸಂಗ ಹುಡುಕ್ಕೊಂಡು ನಾವು ಎಲ್ಲಿಗೂ ಹೋಗೋದಿಲ್ಲ. ಅವೇ ಮುಂಜಾನಿ ಬಸ್ಸಿಗೆ ಬಂದು, ಚೀಟಿ ಬರೆಸಿ, ಪಾಳಿ ಹಚ್ಚಿ ಕೂಡ್ತಾವ. ಅಫಜಲಪುರದ ಒಂದು ಮಕ್ಕಳ ದವಾಖಾನಿಯೊಳಗ ನಾನು ಕಂಪೌಂಡರ್. ನನ್ನ ಕೂದಲ ಇಲ್ಲೇ ಬೆಳ್ಳಗಾಗ್ಯಾವ. ಮಕ್ಕಳು ಸೂಜಿಗಿಂತ ನನ್ನ ಮೋತಿಗೇ ಹೆಚ್ಚು ಅಂಜತಾರ ಅಂತ ನಮ್ಮ ಡಾಕ್ಟರ್ ಬಾಯಾರು ಅಂತಿರ್ತಾರ. ಅದಕ್ಕೇ ಅವರು ಮಂದಿ ಕೂಡೋ ಕೋಣಿಯೊಳಗ ಒಂದು ದೊಡ್ಡ ಗಾಜಿನ ಟ್ಯಾಂಕ್ ಇಡಿಸಿ, ಸಮುದ್ರದ ಎರಡು ಮೀನು ಬಿಡಿಸಿದ್ರು. ಕಿತ್ತಳಿ ಮೈ, ಬಿಳೇ ಪಟ್ಟಿ, ಭಾಳ ಚೆಂದ. ಮೀನು ಅವರವು, ತೊಳಿಯೋ ಕೆಲಸ ಮಾತ್ರ ನಂದು.

೧. ಬೋರಿಗೆ ಹತ್ತಿದ ಸಮುದ್ರ

ಸಮುದ್ರದ ಮೀನಿಗೆ ಉಪ್ಪಿನ ನೀರೇ ಆಗಬೇಕು. ಅದಕ್ಕಂತ ಬರೋ ಬ್ಯಾರೆ ಉಪ್ಪನ್ನ ಅಳತಿ ನೋಡಿ ಕಲಸಬೇಕು. ಒಂದು ದಿನ ಬಕೆಟ್‌ನ್ಯಾಗ ಕಲಸಾಕತ್ತಿದ್ದೆ. ನೆಲೋಗಿಯ ರೈತ ಒಬ್ಬ ಮಗಳಿಗೆ ಜ್ವರ ಅಂತ ಬಂದಿದ್ದ. ಹೆಂಡ್ತಿನೂ ಸಂಗಾಟ ಇದ್ಲು, ಆಕಿ ತವರು ನಮ್ಮೂರು. ಬಗ್ಗಿ ನೋಡಿದ.

"ಏನ್ ಸಾಹೇಬ್ರ, ಚಲೋ ನೀರಿಗೆ ಉಪ್ಪು ಹಾಕಾಕತ್ತೀರಿ?"

"ಮೀನಿಗಪ್ಪಾ. ಸಮುದ್ರದವು ಅವು."

ಬ್ಯಾಡ ಅನ್ನೋದ್ರಾಗ ಬೆರಳದ್ದಿ ನಾಲಿಗಿಗೆ ಹಚ್ಚಿಕೊಂಡ. ಆಮ್ಯಾಲ ಹೆಂಡ್ತಿ ಕಡಿ ತಿರುಗಿ ಎದಿ ಉಬ್ಬಿಸಿ ಅಂದ, "ನೋಡ ಬೇ! ನಿಮ್ಮಪ್ಪ ನಮ್ಮ ಬೋರಿನ ನೀರು ಉಪ್ಪಂತ ನಗ್ತಿದ್ದನಲ್ಲ? ನಮಗ ಸಮುದ್ರ ಹತ್ತ್ಯದ!"

೨. ಇಡೀ ತಾಲೂಕಿಗೆ ಎರಡು

ಈಗ ನಗಲಾರದ ಮಾತು ಒಂದು ಹೇಳಬೇಕು. ಮಣ್ಣೂರಿಂದ ಒಬ್ಬ ಆಯಿ ತನ್ನ ಮೊಮ್ಮಗಳನ್ನ ಕರ್ಕೊಂಡು ಮೂರು ವಾರಕ್ಕೊಮ್ಮೆ ಬರ್ತಾಳ. ಎಂಟು ವರ್ಷದ ಹುಡುಗಿ. ಗಂಟಲ ಬ್ಯಾನಿ, ಕೀಲು ಬಾವು ಅಂತ ಶುರುವಾಗಿದ್ದು ಎದಿಗೆ ಇಳಿದದ. ವರ್ಷಗಟ್ಟಲೆ ಸೂಜಿ ತಗೋಬೇಕು, ತಪ್ಪಿಸಂಗಿಲ್ಲ. ಭಾಳ ನೋಯೋ ಸೂಜಿ ಅದು. ದೊಡ್ಡವರೇ ಹಲ್ಲು ಕಚ್ಚತಾರ. ಈಕಿ ಮಾತ್ರ ಸೂಜಿ ಕೋಣಿಯ ಪರದೆ ಸರಿಸ್ರಿ ಅಂತಿದ್ಲು. ಅಲ್ಲಿಂದ ಟ್ಯಾಂಕ್ ಕಾಣ್ತಿತ್ತು. ಮೀನು ನೋಡ್ಕೋತ ಸೂಜಿ ತಗೊಂಡು ಹೋಗ್ತಿದ್ಲು.

ಅಂಥಾದ್ರಾಗ ಟ್ಯಾಂಕಿನ ಕಲ್ಲಿಗೆ ಪಾಚಿ ಹತ್ತಿತು. ಮೊದಲು ಮೀಸಿಯಷ್ಟಿತ್ತು, ಆಮ್ಯಾಲ ಗಡ್ಡ ಆತು. ಗಾಜು ದಿನಾ ಒರೆಸ್ತಿದ್ದೆ, ಕಲ್ಲಿನ ಗಡ್ಡ ಬೋಳಿಸೋದು ಹ್ಯಾಂಗ? ಮೀನು ಅದರ ಹಿಂದ ಹೋಗಿ ಕುಂತ್ವು. ಹುಡುಗಿ ಪರದೆ ಸರಿಸಿ ನೋಡಿದ್ಲು. "ಮೀನಿಲ್ಲ, ನಾ ಒಲ್ಲೆ" ಅಂತ ಬಾಗಿಲ ಚೌಕಟ್ಟು ಹಿಡಕೊಂಡ್ಲು. ಮುಂದಿನ ಸರ್ತಿ ಬಸ್ಸೇ ಹತ್ತಲಿಲ್ಲ. ಆಯಿ ಒಬ್ಬಾಕಿನೇ ಬಂದು ನನ್ನ ಮುಂದ ಅತ್ತಳು. ಬಾಯಾರು ಮಣ್ಣೂರಿಗೇ ಹೋಗಿ ಸೂಜಿ ಹಾಕಿ ಬಂದ್ರು. ಪ್ರತಿ ಸರ್ತಿ ಹಂಗ ಹೋಗಾಕ ಆಗ್ತದೇನು? "ಕಲ್ಲು ಸ್ವಚ್ಛ ಆಗ್ಲಿಲ್ಲಂದ್ರ ಈ ಟ್ಯಾಂಕ್ ತೆಗೆದು ಟಿವಿ ಹಚ್ಚೋಣು" ಅಂದ್ರು. ಆ ಹುಡುಗಿ ಮನ್ಯಾಗಿನ ಟಿವಿ ಬಿಟ್ಟು ಇಲ್ಲಿ ಟಿವಿ ನೋಡಾಕ ಬರ್ತಾಳೇನು, ನೀವೇ ಹೇಳ್ರಿ.

ಮೀನು ಕೊಟ್ಟ ಸೋಲಾಪುರದ ಅಂಗಡಿಯವ ಉಪಾಯ ಹೇಳಿದ. ಪಾಚಿ ತಿನ್ನೋ ಹಸಿರು ಏಡಿ ಎರಡು ಕೊಟ್ಟು ಕಳಿಸಿದ. ಕಲ್ಲಿನ ಮ್ಯಾಲ ಬಿಟ್ಟೆ. ಎರಡೂ ಚಿಮಟಾದಂಥಾ ಕೈಲೆ ಪಾಚಿ ಕಿತ್ತು ಬಾಯಿಗೆ ಹಾಕ್ಕೊಳ್ಳಾಕ ಹತ್ತಿದ್ವು. ನನಗ ಜೀವ ಬಂದಂಗಾತು.

ಅದೇ ವಾರ ಆಯಿ ಔಷಧಕ್ಕ ಬಂದ್ಲು. ಭೀಮಾ ಹೊಳಿ ದಂಡಿಯಾಕಿ, ಏಡಿ ಅಂದ್ರ ಆಕಿಗೆ ಗೊತ್ತಿರಲಾರದ್ದೇನು? ಟ್ಯಾಂಕ್ ನೋಡಿ, ಅತ್ತಿತ್ತ ನೋಡಿ, ನನ್ನ ಕಿವಿಯಾಗ ಅಂದ್ಲು, "ಕೆಮ್ಮಿಗೆ ಏಡಿ ಸಾರು ಕುಡಿಸೀನಿ ಅಂದ್ರ ಬಾಯಾರು ಬೈತಿದ್ರು. ಕಡೀಕ ಅವರೇ ಒಪ್ಕೊಂಡ್ರಲ್ಲ! ಆದ್ರ ಮಗಾ, ಇಡೀ ತಾಲೂಕು ಕೆಮ್ಮಾಕತ್ತದ. ಎರಡು ಯಾತಕ್ಕ ಸಾಲ್ತಾವ?"

೩. ಹೋದವರು ಬಂದ್ರು

ಒಂದು ಮುಂಜಾನಿ ಕಸ ಹೊಡಿಯೋ ಅಕ್ಕಾ ಬೊಬ್ಬಿ ಹೊಡದ್ಲು. ಒಂದು ಏಡಿ ಅಂಗಾತ ಬಿದ್ದಿತ್ತು. ಎತ್ತಿದ್ರ ಹಗೂರ, ಒಳಗ ಏನೂ ಇಲ್ಲ. "ಬರೇ ಹುಲ್ಲು ತಿನ್ನಿಸಿ ಕೊಂದ್ರಿ ಪಾಪ" ಅಂತ ನನ್ನ ಮ್ಯಾಲ ಬಂದ್ಲು. ಬೇವಿನ ಗಿಡದ ಬುಡಕ ಮಣ್ಣು ಮಾಡಿದ್ಲು. ಮೂರನೇ ದಿನ ಅದಕ್ಕ ರೊಟ್ಟಿ, ಪುಂಡಿ ಪಲ್ಯ ಇಟ್ಟು, ಕೈ ಮುಗಿದು ಒಳಗ ಬಂದು ಕಸಬರಿಗಿ ಹಿಡಿದ್ಲು. ಕಲ್ಲಿನ ಸಂದಿಯಿಂದ ಅದೇ ಏಡಿ ಹೊರಗ ಬಂತು. ಮೊದಲಿಗಿಂತ ದೊಡ್ಡದು, ಹೊಸಾ ಮೈ.

ಕಸಬರಿಗಿ ಒಂದು ಕಡಿ, ಅಕ್ಕಾ ಒಂದು ಕಡಿ. "ಬಂತ್ರೀ! ನಾ ಇಟ್ಟದ್ದು ಸಾಲಲಿಲ್ಲಂತ ಬಂದದ!"

ಮಕ್ಕಳಿಗೆ ಅಂಗಿ ಗಿಡ್ಡ ಆದಂಗ ಏಡಿಗೆ ಚಿಪ್ಪು ಬಿಗಿ ಆಗ್ತದ, ಅದನ್ನ ಬಿಟ್ಟು ಹೊಸದು ಬರೋತನಕ ಅಡಗಿ ಕೂಡ್ತದ ಅಂತ ತಿಳಿಸಿ ಹೇಳಿ ಸಾಕಾತು. ಎಲ್ಲಾ ಕೇಳಿ, ಗೋಣು ಹಾಕಿ, ಅಕ್ಕಾ ಅಂದ್ಲು, "ಇರಲಿ ಅಣ್ಣಾ. ಹೊಸಾ ಅಂಗಿ ಹೊಲಿಸ್ಕೊಂಡವರಿಗೆ ಸಿಹಿ ಉಣಿಸಬೇಕಲ್ಲ?" ಅವತ್ತು ಟ್ಯಾಂಕಿನ್ಯಾಗ ಹೋಳಿಗಿ ತುಣುಕು ತೇಲಿತು.

೪. ಎದುರಿಗೆ ಕುಂತವರು

ಹೋಳಿಗಿ ಬಿದ್ದ ದಿನದಿಂದ ಏಡಿಗಳು ಪಾಚಿ ಕಡಿ ತಿರುಗಿ ನೋಡಲಿಲ್ಲ. ಮೈ ಬಂತು, ಸೊಕ್ಕು ಬಂತು. ಪಾಚಿನೂ ಹುಲುಸಾಗಿ ಬೆಳೀತು. ಸೋಲಾಪುರದವನಿಗೆ ಫೋನ್ ಹಚ್ಚಿ ಜಗಳಕ್ಕ ನಿಂತೆ. ಅವ ತಣ್ಣಗ ಕೇಳಿದ, "ಮಂದಿ ತಿನ್ನಾಕ ಹಾಕ್ತಾರೇನ್ರಿ? ಹೊಟ್ಟಿ ತುಂಬಿದ್ರ ಪಾಚಿ ಯಾಕ ತಿಂತಾವ? ಮಿಕ್ಕಿದ್ದು ಕೊಳೆತು ಪಾಚಿಗೇ ಗೊಬ್ಬರ ಆಗ್ತದ."

ಅವತ್ತಿಂದ ಕಾವಲು ಕುಂತೆ. ಅಕ್ಕಾ ರೊಟ್ಟಿ ಹಾಕಿದ್ಲು. ಸಿಸ್ಟರ್ ಮಂಡಕ್ಕಿ ಹಾಕಿದ್ರು. ಡಾಕ್ಟರ್ ಬಾಯಾರು, ಹೌದ್ರಿ, ನಮ್ಮ ಬಾಯಾರೇ, ಚಾದ ಬಿಸ್ಕೀಟಿನ ಅಂಚು ಮುರಿದು ಹಾಕಿ, ಸೆರಗಿಗೆ ಕೈ ಒರೆಸ್ಕೊಂಡು ಒಳಗ ಹೋದ್ರು. 'ಏಡಿಗೆ ಏನೂ ಹಾಕಬಾರದು' ಅಂತ ಹಲಗಿ ಹಚ್ಚಿದೆ. ಹಲಗಿ ಬುಡಕೇ ಕುಂತು ಆಳಂದ ಕಡಿಯಾಕಿ ಒಬ್ಬಾಕಿ ರೊಟ್ಟಿ ಮುರಿದು ಹಾಕಾಕತ್ತಿದ್ಲು.

"ಓದಾಕ ಬರ್ತದಲ್ಲವಾ?" ಅಂತ ಜಬರಿಸಿದೆ.

"ಬರ್ತದಣ್ಣಾ. ಆದ್ರ ನಾ ಉಣ್ಣಾಕ ಕುಂತೀನಿ, ಅದು ಎದುರಿಗೇ ಕುಂತದ. ಕಣ್ಣು ಹೊರಗ ಹಾಕಿ ನೋಡಾಕತ್ತದ. ತುತ್ತು ಹ್ಯಾಂಗ ಇಳೀಬೇಕು?"

"ಅದರ ಕಣ್ಣು ಇರೋದೇ ಹಂಗವಾ!"

"ಹಸಿದವರ ಕಣ್ಣು ಎಲ್ಲಾರದೂ ಹಂಗೇ ಇರ್ತಾವಣ್ಣಾ" ಅಂತ ಇನ್ನೊಂದು ತುಣುಕು ಹಾಕಿದ್ಲು.

ನನಗ ಸಿಟ್ಟು ನೆತ್ತಿಗೇರಿತ್ತು, ಆದ್ರ ತಪ್ಪು ಆಕಿದಲ್ಲ. ನಮ್ಮ ಕಡಿ ಬಸ್‌ಸ್ಟ್ಯಾಂಡಿನ್ಯಾಗ ಬುತ್ತಿ ಬಿಚ್ಚಿದ್ರೂ ಬಾಜೂದವರಿಗೆ 'ಬರ್ರಿ, ಉಣ್ರಿ' ಅನ್ನಲಾರದ ಕೈ ಹಚ್ಚೋದಿಲ್ಲ. ಅಂಥಾ ಮಂದಿಗೆ ಒಂದು ಜೀವ ಉಪವಾಸ ಇಡ್ರಿ ಅಂತ ಹ್ಯಾಂಗ ಹೇಳೋದು? ಉಪವಾಸ ಅಂದಕೂಡ್ಲೇ ನನ್ನ ತಲಿಗೆ ಹೊಳೀತು. ಶ್ರಾವಣ ನಡೆದಿತ್ತು. ಉಪವಾಸ ಇದ್ದವರ ಉಪವಾಸ ಇಲ್ಲಿ ಯಾರೂ ಮುರಿಸೋದಿಲ್ಲ. ಹಲಗಿ ಅಳಿಸಿ, 'ಏಡಿಗಳು ಉಪವಾಸ ಅವ' ಅಂತ ಬರದೆ. ಮಂದಿ ಓದಿ ಕೈ ಮುಗದ್ರು. ಗೆದ್ದೆ ಅಂತ ಮೀಸಿ ತಿರುವಿದೆ.

ಸೋಮವಾರ ಬಂದು ನೋಡ್ತೇನಿ, ಟ್ಯಾಂಕಿನ್ಯಾಗ ಉಪವಾಸದವರ ಫಲಾರ, ಸಾಬುದಾನಿ ಖಿಚಡಿ, ಬಾಳಿಹಣ್ಣು, ಖಜೂರ!

೫. ನಾಳೆ

ಅದೇ ಸೋಮವಾರ ಹುಡುಗಿ ಸೂಜಿ ದಿನ. ಏಡಿ ತೋರಿಸ್ತೇನಿ ಅಂತ ಆಯಿ ಪುಸಲಾಯಿಸಿ ಕರ್ಕೊಂಡು ಬಂದಿದ್ಲು. ಮೀನು ಕಾಣಲಿಲ್ಲ. ಇಬ್ಬರು ಹಿಡಕೊಂಡು ಸೂಜಿ ಹಾಕಬೇಕಾತು. ಆ ಚೀರಾಟ ಕೇಳಲಾರದ ನಾನು ಹೊರಗ ಬಂದು ನಿಂತೆ. ಕುಂಟುಕೋತ ಬಂದು ಹುಡುಗಿ ಅಂದ್ಲು, "ಮೀನು ಕಾಣೋ ತನಕ ನಾ ಮತ್ತ ಬರಂಗಿಲ್ಲ."

ನಾನು ಆಕಿ ಮುಂದ ಕುಕ್ಕರಗಾಲಿಲೆ ಕುಂತೆ. "ಏಡಿ ಪಾಚಿ ತಿಂದ್ರ ಮೀನು ಕಾಣ್ತಾವವ್ವಾ. ಮಂದಿ ಉಣಿಸೋದು ಬಿಟ್ರ ಅದು ಪಾಚಿ ತಿಂತದ. ಏನ್ ಮಾಡಿದ್ರೂ ಬಿಡವಲ್ರು. ನಾ ಸೋತೆ."

ಹುಡುಗಿ ಬಿಕ್ಕೋದು ನಿಲ್ಲಿಸಿ ವಿಚಾರ ಮಾಡಿದ್ಲು. ಅಷ್ಟರಾಗ ಒಬ್ಬ ಬಾಳಿಹಣ್ಣು ಸುಲಿದು ಟ್ಯಾಂಕಿನ ಕಡಿ ಹೊಂಟ.

"ಕಾಕಾ, ಹಾಕಬ್ಯಾಡ. ನಾಳೆ ಅದರ ಆಪರೇಷನ್ ಅದ."

ಅವ ಸಟ್ಟನ ಕೈ ಹಿಂದಕ್ಕ ತಗೊಂಡ. "ಹೌದೇನವಾ! ಹಂಗಾರ ನೀರೂ ಕೊಡಂಗಿಲ್ಲಲ್ಲ?"

"ನೀರಾಗೇ ಅದಲ್ಲ ಕಾಕಾ. ಅದಕ್ಕೇ ಡಾಕ್ಟರ್ ಬಾಯಾರು ಫಿಕರ್ ಮಾಡಾಕತ್ತಾರ."

ನಾನು ಹಲಗಿ ಮತ್ತ ಅಳಿಸಿ, 'ನಾಳೆ ಏಡಿ ಆಪರೇಷನ್' ಅಂತ ಬರದೆ. ದಿನಾ ಅದೇ ಹಲಗಿ, ದಿನಾ ನಾಳೆ. ಒಂದು ಅಗಳೂ ಬೀಳಲಿಲ್ಲ. ಅಕ್ಕಾ ರೊಟ್ಟಿ ಸೆರಗಿನ್ಯಾಗ ಮುಚ್ಚಿಕೊಂಡು ಟ್ಯಾಂಕ್ ದಾಟಿದ್ಲು. ಬಾಯಾರು ಬಿಸ್ಕೀಟು ಒಳಗೇ ತಿಂದ್ರು. ಏಡಿಗಳಿಗೆ ಪಾಚಿ ಬಿಟ್ರ ಗತಿ ಇಲ್ಲದಂಗಾತು.

ಮುಂದಿನ ಸೂಜಿಗೆ ಹುಡುಗಿ ಬಂದಾಗ ಕಲ್ಲು ಕ್ಷೌರ ಮಾಡಿಸ್ಕೊಂಡು ಕುಂತಂಗಿತ್ತು. ತಾನೇ ಪರದೆ ಸರಿಸಿದ್ಲು. ಕಿತ್ತಳಿ ಮೀನು ಎರಡೂ ಮುಂದ ಬಂದು ನಿಂತಿದ್ವು. ಸೂಜಿ ಇಳೀತು. ಕಣ್ಣಾಗ ನೀರು ಬಂದ್ವು, ಕಣ್ಣು ಮಾತ್ರ ಅತ್ತಿತ್ತ ಹೋಗಲಿಲ್ಲ. ಆಯಿ ಸೆರಗು ಬಾಯಿಗೆ ಹಿಡಕೊಂಡು ನಿಂತಿದ್ಲು. ನಾನೂ ಗ್ವಾಡಿ ಕಡಿ ಮುಖ ಮಾಡಿದೆ, ಖರೇ ಹೇಳ್ತೇನಿ.

ಹೊರಗ ಸಮುದ್ರದ ಬೋರಿನ ನೆಲೋಗಿ ರೈತ ಕುಂತಿದ್ದ. ಹೋದ ವಾರ ಬಂದಾಗ ಹಲಗಿ ಓದಿ ಹೋಗಿದ್ದ. ಟ್ಯಾಂಕ್ ನೋಡಿ ಅವನಿಗೆ ಸಂತೋಷ ಆತು. "ಏಡಿ ಆಪರೇಷನ್ ಆತೇನ್ರಿ ಸಾಹೇಬ್ರ? ಎಲ್ಲಿ ಮಾಡಿಸಿದ್ರಿ, ಸೋಲಾಪುರದಾಗೋ, ಕಲಬುರಗ್ಯಾಗೋ?"

ನಾನು ಬಾಯಿ ತೆಗಿಯೋದ್ರಾಗ ಹುಡುಗಿ ಕುಂಟುಕೋತ ಬಂದು ನಡುವ ನಿಂತ್ಲು. "ಇಲ್ಲೇ ಆತು ಕಾಕಾ. ಜರಾ ಅಳ್ತು. ಆಮ್ಯಾಲ ಮೀನು ನೋಡ್ಕೋತ ಸುಮ್ನ ಮಲಗಿತು."

"ಭಾಳ ಧೈರ್ಯದ್ದದ ಬಿಡ್ರಿ" ಅಂದ ರೈತ.

"ಹೌದಪ್ಪಾ, ಭಾಳ ಧೈರ್ಯದ್ದು" ಅಂದೆ. ನಾನು ಏಡಿ ಕಡಿ ನೋಡಿರಲಿಲ್ಲ.

ರೈತನಿಗೆ ಎಷ್ಟು ಹುರುಪು ಬಂತಂದ್ರ, ಬಗಲಾಗಿನ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಟ್ಯಾಂಕಿನ ಮ್ಯಾಲ ಕೈ ಚಾಚಿದ. "ಆಪರೇಷನ್ ಆತಲ್ಲ, ಇನ್ನ ಉಣ್ಣಲಿ ಪಾಪ!"

ಹುಡುಗಿ ಕುಂಟೋದು ಮರೆತು ಜಿಗಿದು ಅವನ ಕೈ ಹಿಡಿದ್ಲು.

"ಬ್ಯಾಡ ಕಾಕಾ! ಇನ್ನಾ ಹೊಲಿಗಿ ಬಿಚ್ಚಿಲ್ಲ!"