ಕೌದಿಗೆ ಇಟ್ಟ ಹೋಳಿಗೆ

ಒಂದು ಬಟ್ಟೆ ಹಳತಾಯಿತೆಂದು ನಿರ್ಧರಿಸಬೇಕಾದವರು ಯಾರು? ತೊಟ್ಟವನೋ, ತೊಟ್ಟವನನ್ನು ದಿನವೂ ನೋಡಬೇಕಾದವಳೋ? ಈ ವಿಷಯದಲ್ಲಿ ನನಗೂ ನನ್ನ ಹೆಂಡತಿ ನೀಲವ್ವನಿಗೂ ಮದುವೆಯಾದಂದಿನಿಂದ ಒಮ್ಮತವಿಲ್ಲ. ನನ್ನ ಮಟ್ಟಿಗೆ ತೋಳು ತೋಳಾಗಿ, ಜೇಬು ಜೇಬಾಗಿ ಉಳಿದಿರುವವರೆಗೂ ಬಟ್ಟೆ ಹೊಸದೇ. ಅವಳ ಕಣ್ಣಿಗೆ ನಾನು ತೊಡುವುದೆಲ್ಲ ಕೌದಿಗೆಂದು ಹೊರಟು, ದಾರಿಯಲ್ಲಿ ನನ್ನ ಮೈಮೇಲೆ ನಾಲ್ಕು ದಿನ ತಂಗಿದ ಬಟ್ಟೆ. ಹೊಸ ಅಂಗಿ ತೊಟ್ಟು ನಿಂತರೆ ಚಲೋ ಕಾಣುತ್ತದೆ ಎನ್ನುವ ಮೊದಲು ಅವಳು ಅದರ ಚುಂಗು ಹಿಡಿದು ಉಜ್ಜಿ ನೋಡುತ್ತಾಳೆ, ಎಷ್ಟು ಒಗೆತಕ್ಕೆ ಮೆತ್ತಗಾದೀತೆಂದು.

ಆಗ ನಾನು ಉಮದಿಯಲ್ಲಿ ಮಾಸ್ತರನಾಗಿದ್ದೆ. ಸುಗ್ಗಿ ಮುಗಿದು ಬಿಸಿಲು ಬಲಿತ ಮೇಲೆ ನಮ್ಮ ಪಡಸಾಲೆಯಲ್ಲಿ ಕೌದಿಯ ಕೆಲಸ ಶುರುವಾಗುತ್ತಿತ್ತು. ಹಳೆಯ ಇಳಕಲ್ಲ ಸೀರೆ ಹಾಸಿ, ಅದರ ಮೇಲೆ ಧೋತರ, ಅಂಗಿ, ಕುಪ್ಪಸಗಳ ತುಂಡು ಜೋಡಿಸಿ, ನೀಲವ್ವನೂ ಪಕ್ಕದ ಮನೆಯ ಖತೀಜಾಬಿಯೂ ಎದುರುಬದುರು ಕುಳಿತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಿದ್ದರು. ಆಗಷ್ಟೇ ನಮ್ಮ ಜತ್ತ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಗಿತ್ತು. ನಮ್ಮ ಮನೆಯ ಬಟ್ಟೆಗಳೂ ಒಂದೊಂದಾಗಿ ಕೌದಿಯಲ್ಲಿ ವಿಲೀನವಾಗುತ್ತಿದ್ದವು. ವಿಲೀನಪತ್ರಕ್ಕೆ ಸಹಿ ಹಾಕದೆ ಉಳಿದಿದ್ದು ನನ್ನ ಕರಿ ಕೋಟು ಮಾತ್ರ.

ಅದು ಮಾವನವರು ಮದುವೆಯಲ್ಲಿ ಹೊಲಿಸಿಕೊಟ್ಟ ಕೋಟು. ಅದರ ಗುಂಡಿಗಳು ಕಾಜಗಳ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಮೊಣಕೈಯಲ್ಲಿ ಗಾಳಿ ಧಾರಾಳವಾಗಿ ಓಡಾಡುತ್ತಿತ್ತು. ಆದರೆ ಅದನ್ನು ತೊಟ್ಟು ಸಂತೆಗೆ ಹೋದರೆ ಡಫಳಾಪುರದ ಕಡೆಯಿಂದ ಬಂದ ಅಪರಿಚಿತರೂ ನನ್ನನ್ನು ಹೆಡ್‌ಮಾಸ್ತರನೆಂದು ತಿಳಿದು ದಾರಿ ಬಿಡುತ್ತಿದ್ದರು. ಕೋಟಿಲ್ಲದ ದಿನ ಅವರೇ ನನ್ನನ್ನು ಸರಿಸಿ ಮುಂದೆ ಹೋಗುತ್ತಿದ್ದರು. ನನ್ನ ಮರ್ಯಾದೆಯೆಲ್ಲ ಆ ಕೋಟಿನಲ್ಲೇ ಇತ್ತು, ಅದು ಹೋದೀತೆಂದು ನನಗೆ ನಿಜವಾಗಿ ಹೆದರಿಕೆಯಿತ್ತು.

ಆ ವರ್ಷದ ಕೌದಿಯಲ್ಲಿ ನಡುವಿನ ಚೌಕವೊಂದು ಖಾಲಿ ಉಳಿಯಿತು.

“ನಡುವ ಕರಿ ಬಟ್ಟಿ ಇರಲಿಲ್ಲಂದ್ರ ಕೌದಿಗೆ ದೃಷ್ಟಿ ಆಗ್ತದ,” ಎಂದಳು ನೀಲವ್ವ, ಗೂಟದ ಮೇಲಿನ ಕೋಟನ್ನು ನೋಡುತ್ತ.

“ಹಳೇ ಛತ್ರಿ ಐತಲ್ಲ, ಅದರ ಅರಿವಿ ತಗೋ,” ಎಂದೆ.

“ಛತ್ರಿ ಹೊಚಗೊಂಡು ಯಾರು ಮಲಗ್ತಾರ್ರಿ ಮಾಸ್ತರ?” ಎಂದು ಖತೀಜಾಬಿ ಸೂಜಿಗೆ ದಾರ ಪೋಣಿಸಿದಳು.

ಅಂದಿನಿಂದ ನಾನು ಕೋಟು ಕಳಚುವುದನ್ನೇ ಬಿಟ್ಟೆ. ಉಮದಿಯ ಬಿಸಿಲಿನಲ್ಲಿ ಎಮ್ಮೆಗಳು ಕೂಡ ನೆರಳು ಬಿಟ್ಟು ಏಳದಿದ್ದಾಗ ನಾನೊಬ್ಬ ಉಣ್ಣೆಯೊಳಗೆ ಬೇಯುತ್ತ ಮಗ್ಗಿ ಹೇಳಿಕೊಡುತ್ತಿದ್ದೆ. “ಮಾಸ್ತರ, ಥಂಡಿಜ್ವರಾ ಬಂದದೇನ್ರಿ?” ಎಂದು ದಾರಿಯಲ್ಲಿ ಜನ ಕೇಳಿದರೆ ಹೌದೆಂದು ಕೆಮ್ಮುತ್ತಿದ್ದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕೌದಿಯ ಕೊನೆಯ ಜಾಗವನ್ನು ಬರಿದೇ ಮುಚ್ಚುವುದಿಲ್ಲ. ಒಳಗೆ ಹೋಳಿಗೆಯ ಚೂರೊಂದನ್ನು ಇಟ್ಟು, ಕೌದಿಯ ಹೊಟ್ಟೆ ತುಂಬಿಸಿ, ಆಮೇಲೆ ಹೊಲಿಯುತ್ತಾರೆ. ಕೌದಿ ಹಸಿದಿದ್ದರೆ ಹೊದ್ದವರಿಗೂ ನಿದ್ದೆ ಹತ್ತುವುದಿಲ್ಲವಂತೆ. ಇದು ನನಗೂ ಗೊತ್ತಿತ್ತು. ಆದರೆ ಹಸಿದವನಿಗೆ ಗೊತ್ತಿದ್ದುದೆಲ್ಲ ಸಮಯಕ್ಕೆ ನೆನಪಾಗಬೇಕೆಂದಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನಾನು ದಿನವೂ ಕೂರುವ ಜಾಗದಲ್ಲೇ ತಾಟಿನಲ್ಲೊಂದು ಹೋಳಿಗೆ ಇತ್ತು, ಮೇಲೆ ತುಪ್ಪ. ಕೈತೊಳೆದು ತಿಂದೆ. ಬೆರಳು ನೆಕ್ಕುವಷ್ಟರಲ್ಲಿ ಇಬ್ಬರೂ ಒಳಗಿನಿಂದ ಬಂದರು.

“ಕೌದಿ ತುತ್ತು ಎಲ್ಲಿ ಹೋತು?” ಎಂದಳು ನೀಲವ್ವ.

ನನ್ನ ಮೀಸೆಯ ಮೇಲಿನ ತುಪ್ಪ ಉತ್ತರ ಕೊಟ್ಟಿತು.

ಖತೀಜಾಬಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. “ಭಾಳ ಕೆಟ್ಟ ಆತಲ್ರಿ ಮಾಸ್ತರ. ಕೌದಿ ತುತ್ತು ಉಂಡವರು ತಮ್ಮ ಮೈಮ್ಯಾಗಿನ ಅರಿವಿ ಕೌದಿಗೆ ಕೊಡಬೇಕ್ರಿ. ಇಲ್ಲಂದ್ರ ಅದು ಅವರ ನಿದ್ದಿ ತಿಂತದ.”

“ಎಲ್ಲಿ ರೀತಿ ಇದು? ನಾ ಕೇಳೇ ಇಲ್ಲ.”

“ನಮ್ಮ ತವರಮನಿ ಬೆಳುಂಕ್ಯಾಗ ಎಲ್ಲಾರೂ ಹಂಗ ಮಾಡ್ತಾರ,” ಎಂದಳು ನೀಲವ್ವ.

“ಹಂಗಾದ್ರ ಅಂಗಿ ತಗೋ.”

“ಮ್ಯಾಲಿನ ಅರಿವಿ ಮೊದಲ ಬರಬೇಕ್ರಿ,” ಎಂದಳು ಖತೀಜಾಬಿ, ಕಾಯಿದೆ ಓದಿದವರ ಹಾಗೆ.

ಕೋಟು ಕಳಚಿಕೊಟ್ಟೆ. ಕತ್ತರಿ ಆಗಲೇ ನೀಲವ್ವನ ಕೈಯಲ್ಲಿತ್ತು. ಬೆನ್ನಿನ ಭಾಗ ಚೌಕವಾಗಿ ಕತ್ತರಿಸಿಕೊಂಡು ಬಿದ್ದಾಗ, ಸುಳ್ಳೇಕೆ ಹೇಳಲಿ, ಉಳಿದ ಎರಡು ತೋಳುಗಳನ್ನು ಎತ್ತಿ ಮತ್ತೆ ಗೂಟಕ್ಕೆ ತೂಗುಹಾಕಿದೆ.

ಆದರೂ ಮಾಸ್ತರನಿಗೆ ಯಾವುದನ್ನೂ ತಾಳೆ ನೋಡದೆ ಬಿಡುವ ಅಭ್ಯಾಸವಿಲ್ಲ. ಮುಂದೆ ಬೆಳುಂಕಿಗೆ ಹೋದಾಗ, ಅಲ್ಲಿ ಕೌದಿ ಹೊಲಿಯುತ್ತ ಕುಳಿತಿದ್ದ ನೀಲವ್ವನ ಸೋದರತ್ತೆಯನ್ನು ಈ ಪದ್ಧತಿಯ ಬಗ್ಗೆ ಕೇಳಿದೆ. ಮುದುಕಿ ಸೂಜಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

“ಅಂಥಾ ಪದ್ಧತಿ ಎಲ್ಲೂ ಇಲ್ಲಪಾ ಅಳಿಯ. ಕೌದಿಗಿ ಚಿವುಟಿದಷ್ಟು ಒಣಾ ಚೂರು ಸಾಕು. ತುಪ್ಪ ಹಚ್ಚಿದ್ರ ಅರಿವಿ ಜಿಡ್ಡ ಆಗೂದಿಲ್ಲೇನು?”

ಆ ತುಪ್ಪ ಯಾರಿಗಾಗಿ ಹಚ್ಚಿದ್ದೆಂದು ನನಗಾಗ ಹೊಳೆಯಿತು. ಊರಿಗೆ ಬಂದು ಜಗಳ ತೆಗೆಯಬೇಕೆಂದುಕೊಂಡೆ. ಅಷ್ಟರಲ್ಲಿ ಚಳಿ ಶುರುವಾಗಿತ್ತು, ಕೌದಿ ಬೆಚ್ಚಗಿತ್ತು, ಜಗಳ ಹಾಗೇ ಉಳಿಯಿತು.

ಮರುವರ್ಷ ಮತ್ತೆ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಶಾಲೆಯಿಂದ ಬಂದು ನೋಡಿದರೆ ಯಾರೂ ಇಲ್ಲ. ನನ್ನ ಜಾಗದಲ್ಲಿ ತಾಟು, ತಾಟಿನಲ್ಲಿ ಈ ಸಲ ಎರಡು ಹೋಳಿಗೆ, ಮೇಲೆ ತುಪ್ಪ. ಅಡುಗೆಮನೆಯ ಬಾಗಿಲ ಹಿಂದೆ ಬಳೆಗಳ ಸದ್ದು ತಡೆತಡೆದು ಕೇಳುತ್ತಿತ್ತು. ಈ ಸಲ ನನಗೆ ಎಲ್ಲವೂ ಗೊತ್ತಿತ್ತು. ಹೋಳಿಗೆ ಬಿಸಿಯಾಗಿತ್ತು. ನಾನು ತಲೆಯ ರುಮಾಲು ಬಿಚ್ಚಿ, ಮಡಿಸಿ ಕೌದಿಯ ಮೇಲಿಟ್ಟು, ತಾಟಿನ ಮುಂದೆ ಕುಳಿತೆ.