ದೇವದುರ್ಗದ ಸಹಿ

ಮನೆ ಕೊಳ್ಳುವಾಗ ಜಾಣರು ಕಾಗದಪತ್ರ ನೋಡುತ್ತಾರೆ. ನಾನು ಅಡುಗೆಮನೆಯ ಕಿಟಕಿ ನೋಡಿದೆ. ಬೆಳಗಿನ ಬಿಸಿಲು ಅದರಿಂದ ನೇರ ಒಲೆಕಟ್ಟೆಗೆ ಬೀಳುತ್ತಿತ್ತು. "ಇಲ್ಲಿ ಹಗಲೊತ್ತು ಲೈಟ್ ಹಚ್ಚೋದ ಬ್ಯಾಡ ನೋಡ್ರಿ" ಎಂದು ಹೆಂಡತಿ ಸುಮಂಗಲಾ ಹಿಗ್ಗಿದಾಗಲೇ ನನ್ನ ಮಟ್ಟಿಗೆ ವ್ಯವಹಾರ ಮುಗಿದಿತ್ತು. ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಕೈಗೆ ಬಂದದ್ದನ್ನೆಲ್ಲ ಸುರಿದು ರಾಯಚೂರಿನಲ್ಲಿ ಒಂದು ಮನೆ ಮಾಡಿಕೊಳ್ಳಬೇಕೆಂಬುದು ಬಾಡಿಗೆಮನೆಗಳಲ್ಲೇ ಕಳೆದ ನಮ್ಮಿಬ್ಬರ ಆಸೆ. ಮಾರುವ ಶರಣಪ್ಪ ಬಲು ನಯದ ಮನುಷ್ಯ; ನಮಗಾಗಿ ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತರಿಸಿದ್ದ. ಇಂಥ ಮಿರ್ಚಿ ತಿನ್ನಿಸುವವನ ಹಕ್ಕಿನಲ್ಲಿ ದೋಷವಿದ್ದೀತೇ ಎಂದು ನಾನು ಎರಡನೆಯದಕ್ಕೆ ಕೈಹಾಕಿದೆ.

ಸುಮಂಗಲಾ ಮಾತ್ರ ನನ್ನನ್ನು ವಕೀಲೆ ರಜಿಯಾ ಅವರ ಬಳಿಗೆ ಎಳೆದೊಯ್ದಳು. ಅವರು ಕಾಗದಗಳನ್ನು ಓದಿ, "ಇದು ಶರಣಪ್ಪನವರ ತಂದಿ ಸ್ವಂತ ಗಳಿಸಿದ ಮನಿ. ತಂದಿ-ತಾಯಿ ಇಬ್ರೂ ಇಲ್ಲ, ಉಯಿಲೂ ಬರೆದಿಲ್ಲ. ಇವರಿಗೆ ಅಕ್ಕ-ತಂಗೇರು ಅದಾರೇನ್ರಿ?" ಎಂದು ಕೇಳಿದರು. ನಾನು ಮನೆ ಕೊಳ್ಳಲು ಬಂದಿದ್ದೇನೋ, ಬೀಗತನ ಮಾಡಲು ಬಂದಿದ್ದೇನೋ ಎಂದು ಗೊಂದಲವಾಯಿತು.

"ಒಬ್ಬ ತಂಗಿ ಅದಾಳಂತ್ರಿ, ದೇವದುರ್ಗದಾಗ. ಆಕಿ ಏನೂ ಅನ್ನಂಗಿಲ್ಲಂತ."

"ಏನೂ ಅನ್ನದಿದ್ರ ಸಾಲಂಗಿಲ್ಲ ಸರ್, ಸಹಿ ಮಾಡಬೇಕು. ಮನ್ಯಾಗ ಆಕೀದೂ ಪಾಲು ಅದ. ನಾಳಿ ಆಕಿ ಕೋರ್ಟಿಗೆ ಹೋದ್ರ, ನಿಮ್ಮ ರೊಕ್ಕಾನೂ ಸಿಗಂಗಿಲ್ಲ, ನೆಮ್ಮದೀನೂ ಸಿಗಂಗಿಲ್ಲ."

ಶರಣಪ್ಪನಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. ತಂದೆಯ ತಿಥಿಯಲ್ಲಿ ಏನೋ ಮಾತಿಗೆ ಮಾತು ಬೆಳೆದು, ಅಂದಿನಿಂದ ಅಣ್ಣ-ತಂಗಿ ಮಾತು ಬಿಟ್ಟಿದ್ದರಂತೆ. "ನೀವೂ ಬರ್ರಿ ಸರ್, ಮಾಸ್ತರ ಮುಂದ ಆಕಿ ಬೈಯಂಗಿಲ್ಲ" ಎಂದ. ಹೀಗೆ ನಾನು ಬೈಗುಳಕ್ಕೆ ಕೊಡೆಯಾಗಿ ದೇವದುರ್ಗದ ಬಸ್ಸು ಹತ್ತಿದೆ.

ಮನೆ ಹತ್ತಿರವಾಗುತ್ತಲೇ ಶರಣಪ್ಪ ಓಣಿಯ ತುದಿಯಲ್ಲಿ ನಿಂತುಬಿಟ್ಟ. ನಾನೊಬ್ಬನೇ ಒಳಗೆ ಹೋಗಿ ಅವನ ತಂಗಿ ನೀಲಮ್ಮನಿಗೆ ತೊದಲುತ್ತ ಎಲ್ಲ ಹೇಳಿದೆ.

"ನನ್ನ ಕೇಳಬೇಕಂತ ಯಾರು ಹೇಳಿದ್ರು?"

"ವಕೀಲರಮ್ಮ."

"ವಕೀಲರಿಗೆ ನಾ ನೆನಪಾದೆ, ನಮ್ಮಣ್ಣಗ ಆಗಲಿಲ್ಲ." ನಾನು ಗೋಡೆಯ ಮೇಲಿನ ಹಲ್ಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಆಮೇಲೆ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: "ಯಣ್ಣಾ! ಬಿಸಲಾಗ ಯಾಕ ನಿಂತೀದಿ? ರೊಟ್ಟಿ ಮಾಡಾಕತ್ತೀನಿ, ಒಳಗ ಬಾ!"

ಊಟಕ್ಕೆ ಕೂತಾಗ ಶರಣಪ್ಪ ತಲೆ ತಗ್ಗಿಸಿಯೇ, "ನಿನ್ನ ಪಾಲು ನಿನಗ ಕೊಡ್ತೀನವ್ವಾ" ಎಂದ.

"ಕೊಡ್ತೀನಿ ಅನ್ನಾಕ ಅದು ನಿಂದೇನು? ಅಪ್ಪ ಕೊಟ್ಟಿದ್ದು. ಬಿಡಂಗಿಲ್ಲ, ತಗೋತೀನಿ" ಎಂದ ನೀಲಮ್ಮ, ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಇಬ್ಬರೂ ನಕ್ಕರು. ನಾನಂತೂ ಎಷ್ಟು ಹಗುರಾದೆನೆಂದರೆ, ಕೇಳದೆಯೇ ಶೇಂಗಾ ಚಟ್ನಿ ಬಡಿಸಿಕೊಂಡೆ.

ನೋಂದಣಿಯ ದಿನ ಇಬ್ಬರೂ ಬಂದು ಸಹಿ ಮಾಡಿ ಹೆಬ್ಬೆಟ್ಟು ಒತ್ತಿದರು. ಆಮೇಲೆ ನೀಲಮ್ಮ ಖಾಲಿ ಮನೆಯ ಕೋಣೆ ಕೋಣೆಗೂ ಹೋಗಿ ಗೋಡೆ ಸವರಿ ಬಂದಳು. ಸುಮಂಗಲಾ ಆಕೆಯ ಕೈಹಿಡಿದು, "ರಾಯಚೂರಿಗೆ ಬಂದಾಗ ಇಲ್ಲೇ ಇಳೀರಿ, ಇದು ನಿಮ್ಮ ತವರುಮನೀನ" ಎಂದಳು. ಇಂಥ ಮಾತನ್ನು ಬಹಳ ಜನ ಬಾಯುಪಚಾರವೆಂದುಕೊಳ್ಳುತ್ತಾರೆ. ನೀಲಮ್ಮ ಹಾಗೆ ತಿಳಿಯುವವಳಲ್ಲ.

ಈಗ ಪ್ರತಿ ಹಬ್ಬಕ್ಕೂ ಬುತ್ತಿ ಕಟ್ಟಿಕೊಂಡು ಬರುತ್ತಾಳೆ, ಶರಣಪ್ಪನನ್ನೂ ಕರೆಸುತ್ತಾಳೆ. ನನ್ನನ್ನು ಅಣ್ಣ, ಸುಮಂಗಲಾಳನ್ನು ವೈನಿ ಎನ್ನುತ್ತಾಳೆ. ಒಡಹುಟ್ಟಿದವರಿಲ್ಲದ ನನಗೆ ಮನೆಯ ಜೊತೆ ಒಬ್ಬ ತಂಗಿಯೂ ಸಿಕ್ಕಳು. ವಕೀಲರ ಆ ಅಡ್ಡಪ್ರಶ್ನೆಗೆ ನಾನು ಇಂದಿಗೂ ಋಣಿ. ಆದರೆ ಒಡೆತನ ಯಾರದೆಂಬುದು ಮಾತ್ರ ಇನ್ನೂ ಸ್ಪಷ್ಟವಿಲ್ಲ. ಕ್ಯಾಲೆಂಡರಿಗೆಂದು ನಾನು ಹೊಡೆದ ಮೊಳೆಗೆ ಅಂಗೈಯಗಲ ಗಾರೆ ಉದುರಿದ್ದನ್ನು ಕಂಡು, "ನಮ್ಮಪ್ಪ ಕಟ್ಟಿಸಿದ ಗ್ವಾಡಿ!" ಎಂದು ಆಕೆ ಗದರಿದ್ದಳು. ಅದಕ್ಕೇ ಮೊನ್ನೆ ಇನ್ನೊಂದು ಮೊಳೆ ಬೇಕಾದಾಗ, ಸುತ್ತಿಗೆ ಹಿಡಿದುಕೊಂಡೇ ದೇವದುರ್ಗಕ್ಕೆ ಫೋನ್ ಮಾಡಿ ಅಪ್ಪಣೆ ಕೇಳಿದೆ.

"ಅದಕ್ಕೇನ್ರೀ ಅಣ್ಣಾರ, ನಿಮ್ಮ ಮನಿ, ಹೊಡೀರಿ" ಎಂದಳು ನೀಲಮ್ಮ. ನಾನು ಎದೆಯುಬ್ಬಿಸುವಷ್ಟರಲ್ಲಿ, "ಆದ್ರ ನೀವು ಹೊಡೀಬ್ಯಾಡ್ರಿ. ಸುತ್ತಿಗಿ ವೈನಿ ಕೈಯಾಗ ಕೊಡ್ರಿ."